ಕಮಟು ಬೆಣ್ಣೆಯ ವಾಸನೆ ಎಲ್ಲಿತ್ತು?

ಪ್ರಶ್ನೆ: ಹಳೇ ಬೆಣ್ಣೆ ವಾಂತಿಯ ಹಾಗೆ ನಾರುವುದಕ್ಕೆ ಬ್ಯುಟಿರಿಕ್ ಆಮ್ಲ ಕಾರಣ ಅಂತ ಓದಿದೆ. ಹಾಗಾದರೆ ತಾಜಾ ಬೆಣ್ಣೆಯಲ್ಲಿ ಅದು ಇರುವುದಿಲ್ಲವೇ? ಹೊಟ್ಟೆಗೆ ಹೋದರೆ ಅಪಾಯವೇ?

ಉತ್ತರ: ತಾಜಾ ಬೆಣ್ಣೆಯಲ್ಲೂ ಇರುತ್ತದೆ. ಅದೂ ಸ್ವಲ್ಪವೇನಲ್ಲ, ಹಸುವಿನ ಹಾಲಿನ ಕೊಬ್ಬಿನಾಮ್ಲಗಳಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇ 3ರಿಂದ 4ರಷ್ಟು ಇದೇ. ಆದರೆ ಬಿಡಿಯಾಗಿ ಇರುವುದಿಲ್ಲ. ಕೊಬ್ಬು ಅಂದರೆ ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡ ದೊಡ್ಡ ಅಣು. ಅಷ್ಟು ದೊಡ್ಡದು ಗಾಳಿಗೆ ಏಳುವುದಿಲ್ಲ, ಹಾಗಾಗಿ ಮೂಗಿಗೆ ಗೊತ್ತೇ ಆಗುವುದಿಲ್ಲ.

ಲೈಪೇಸ್ ಅನ್ನುವ ಕಿಣ್ವ ನೀರಿನ ಜೊತೆ ಸೇರಿ ಈ ಅಂಟನ್ನು ಬಿಡಿಸುತ್ತದೆ. ಬೆಣ್ಣೆಯಲ್ಲಿ ಸುಮಾರು ಶೇ 16 ನೀರು ಇರುವುದರಿಂದ ಆ ಕೊರತೆಯೂ ಇಲ್ಲ. ಆಗ ದೊಡ್ಡ ಆಮ್ಲಗಳೂ ಬಿಡುಗಡೆಯಾಗುತ್ತವೆ, ಆದರೆ 16 ಅಥವಾ 18 ಕಾರ್ಬನ್ ಇರುವ ಅವು ಹೆಚ್ಚುಕಡಿಮೆ ವಾಸನೆಯೇ ಕೊಡುವುದಿಲ್ಲ. ಬ್ಯುಟಿರಿಕ್‌ನಲ್ಲಿ ಇರುವುದು ಬರೀ 4 ಕಾರ್ಬನ್, ಸಲೀಸಾಗಿ ಹಾರಿ ಬಂದು ಮೂಗಿಗೆ ಹೊಡೆಯುತ್ತದೆ. ಬೆಳಕು, ಗಾಳಿ ತಾಗಿ ಬರುವ ಹಳೇ ಎಣ್ಣೆಯಂಥ ವಾಸನೆ ಬೇರೆ ಕಥೆ, ಅದಕ್ಕೆ ಆಕ್ಸಿಜನ್ ಕಾರಣ. ಎರಡನ್ನೂ ಕಮಟು ಅಂತಲೇ ಕರೆಯುವುದರಿಂದ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಈ ಲೈಪೇಸ್ ಎಲ್ಲಿಂದ ಬಂತು ಅನ್ನುವುದೇ ಮುಖ್ಯ. ಹಾಲಿನದೇ ಲೈಪೇಸ್ ಇರುತ್ತದೆ, 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಪಾಶ್ಚರೀಕರಿಸಿದರೆ ಅದರ ಆಟ ಬಹುತೇಕ ಮುಗಿಯುತ್ತದೆ. ಆದರೆ ತಂಪಿನಲ್ಲೂ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳಿವೆ, ಕಾಯಿಸಿದಾಗ ಅವು ಸತ್ತರೂ ಅವು ಬಿಟ್ಟುಹೋದ ಲೈಪೇಸ್ ಉಳಿದುಬಿಡಬಹುದು. ಹಸಿ ಹಾಲನ್ನು ಕಾಯಿಸದೆ ತಂಪಿನಲ್ಲಿ ಜಾಸ್ತಿ ದಿನ ಇಟ್ಟು ಆಮೇಲೆ ಬೆಣ್ಣೆ ತೆಗೆದರೆ ಅದು ಬೇಗ ಕೆಡುವುದು ಇದರಿಂದಲೇ. ಹಾಲು ತಾಜಾ ಇದ್ದಾಗಲೇ ಕಾಯಿಸಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನು ಅಪಾಯದ ಮಾತು. ಶುದ್ಧ ಆಮ್ಲ ಚರ್ಮವನ್ನು ಸುಡುತ್ತದೆ ನಿಜ, ಆದರೆ ಆಹಾರದಲ್ಲಿ ಇರುವಷ್ಟು ಪ್ರಮಾಣ ವಿಷವಲ್ಲ. ಪಾರ್ಮೆಸಾನ್‌ನಂಥ ಚೀಸ್‌ಗಳ ಖಾರವಾದ ಘಾಟಿನಲ್ಲಿ ಇದರ ಪಾಲೂ ಇದೆ. ಅಷ್ಟೇ ಅಲ್ಲ, ನಾವು ತಿಂದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಇದನ್ನೇ ತಯಾರಿಸುತ್ತವೆ, ಅಲ್ಲಿನ ಒಳಪದರದ ಜೀವಕೋಶಗಳಿಗೆ ಇದೇ ಮುಖ್ಯ ಇಂಧನ. ಹಾಗಂತ ನಾರುವ ಬೆಣ್ಣೆ ತಿನ್ನಬೇಡಿ. ಆಮ್ಲ ಬಿಡುಗಡೆಯಾಗುವಷ್ಟು ಹೊತ್ತಿನಲ್ಲಿ ಇನ್ನೇನು ಬೆಳೆದಿದೆಯೋ ಮೂಗು ಹೇಳುವುದಿಲ್ಲ. ಬಿಸಿ ಮಾಡಿದರೆ ಸರಿಹೋಗುತ್ತದೆ ಅಂತಲೂ ನಂಬಬೇಡಿ, ಈ ಆಮ್ಲ ಕುದಿಯುವುದೇ ಸುಮಾರು 164 ಡಿಗ್ರಿಯಲ್ಲಿ. ಬೆಣ್ಣೆ ಜಾಸ್ತಿ ಇದ್ದರೆ ಸಣ್ಣ ತುಂಡು ಮಾಡಿ, ಗಾಳಿಯಾಡದಂತೆ ಸುತ್ತಿ ಫ್ರೀಜರ್‌ಗೆ ಹಾಕಿ. ಬೇಕಾದಷ್ಟನ್ನೇ ಹೊರಗೆ ತೆಗೆಯಿರಿ.