ಜೇಬಿನ ಲೇಸರ್ ಪ್ರೊಜೆಕ್ಟರ್ ಕೊಳ್ಳಬಹುದಾ?

ಪ್ರಶ್ನೆ: ಸರ್, ಮೊಬೈಲ್‌ಗೆ ಜೋಡಿಸಿ ಗೋಡೆ ಮೇಲೆ ಸಿನಿಮಾ ನೋಡುವ ಪುಟ್ಟ ಲೇಸರ್ ಪ್ರೊಜೆಕ್ಟರ್ ಮೇಲೆ ಆಸೆಯಾಗಿದೆ. ಟಿವಿ ಬದಲು ಇದೇ ಸಾಕಾಗುತ್ತಾ? – ಓದುಗರೊಬ್ಬರು, ಹಾಸನ

ಉತ್ತರ: ಟಿವಿ ಬದಲಿಗೆ ಖಂಡಿತ ಬೇಡ. ಆದರೆ ನಿಮ್ಮ ಆಸೆ ತಪ್ಪಲ್ಲ, ವಸ್ತು ಚೆನ್ನಾಗಿಯೇ ಇದೆ. ಒಳಗೆ ಕೆಂಪು, ಹಸಿರು, ನೀಲಿ ಲೇಸರ್‌ಗಳು ಒಂದೇ ಕಿರಣವಾಗಿ ಸೇರುತ್ತವೆ, ಸಾಸಿವೆ ಕಾಳಿನಷ್ಟು ಪುಟ್ಟ ಕನ್ನಡಿಯೊಂದು ಅದನ್ನು ಅತ್ತಿತ್ತ ಆಡಿಸುತ್ತಾ ಗೆರೆ ಗೆರೆಯಾಗಿ ಚಿತ್ರ ಬಿಡಿಸುತ್ತದೆ. ಹಾಗಾಗಿ ಫೋಕಸ್ ಮಾಡುವ ಗೋಜೇ ಇಲ್ಲ. ಗೋಡೆ ಹತ್ತಿರವಿರಲಿ, ದೂರವಿರಲಿ, ಓರೆಯಾಗಿ ಕಟ್ಟಿದ ಬಿಳಿ ಪಂಚೆಯೇ ಇರಲಿ, ಚಿತ್ರ ಮಸುಕಾಗುವುದಿಲ್ಲ. ಇದು ನನಗೆ ತುಂಬಾ ಇಷ್ಟ.

ಕೊರತೆ ಇರುವುದು ಬೆಳಕಿನಲ್ಲಿ. 2010ರ ಸುಮಾರಿಗೆ ಬಂದ ಮೈಕ್ರೋವಿಷನ್ ಶೋಡಬ್ಲ್ಯೂಎಕ್ಸ್ ಎಂಬ ಇಂಥದ್ದೇ ಪ್ರೊಜೆಕ್ಟರ್‌ನದು 10 ಲ್ಯೂಮೆನ್ (ಬೆಳಕಿನ ಅಳತೆ), 2015ರ ಸೋನಿ ಎಂಪಿ-ಸಿಎಲ್1ನದು 32. ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬೇ ಸುಮಾರು 900 ಲ್ಯೂಮೆನ್ ಕೊಡುತ್ತದೆ ಅಲ್ವಾ! ಮೇಲಾಗಿ ಚಿತ್ರದ ಉದ್ದ-ಅಗಲ ಎರಡರಷ್ಟಾದರೆ ಹೊಳಪು ಕಾಲು ಭಾಗಕ್ಕೆ ಇಳಿಯುತ್ತದೆ. ಬೆಳಕು ಜಾಸ್ತಿ ಮಾಡೋಣ ಅಂದರೆ ಲೇಸರ್ ಕಣ್ಣಿಗೆ ಅಪಾಯ, ಬ್ಯಾಟರಿಗೂ ಭಾರ. ಬಿಳಿ ಜಾಗದಲ್ಲಿ ಸಣ್ಣ ಚುಕ್ಕಿಗಳು ಮಿಣುಗುವುದೂ ಉಂಟು.

ರಾತ್ರಿ ದೀಪ ಆರಿಸಿ, ಮಕ್ಕಳಿಗೆ ಹಾಸಿಗೆ ಪಕ್ಕದ ಗೋಡೆ ಮೇಲೆ ಕಾರ್ಟೂನ್ ತೋರಿಸುವುದಕ್ಕಾದರೆ ಧಾರಾಳವಾಗಿ ತಗೊಳ್ಳಿ. ಮೊದಲು ನಿಮ್ಮ ಫೋನ್ ನೋಡಿಕೊಳ್ಳಿ: ಟೈಪ್-ಸಿ ಕಿಂಡಿ ಇದ್ದ ಮಾತ್ರಕ್ಕೆ ಎಲ್ಲ ಫೋನ್‌ಗಳೂ ಕೇಬಲ್ ಮೂಲಕ ವಿಡಿಯೋ ಕಳಿಸುವುದಿಲ್ಲ. ಅಂಗಡಿಗೆ ಅದೇ ಫೋನ್ ಒಯ್ದು, ಜೋಡಿಸಿ ನೋಡಿಯೇ ದುಡ್ಡು ಕೊಡಿ.