ಏರ್‌ಬ್ರಷ್ ಬಟ್ಟಲಲ್ಲಿ ಬಣ್ಣ ಒಡೆಯುವುದೇಕೆ?

ಪ್ರಶ್ನೆ: 1/72 ಅಳತೆಯ ಮಿಗ್-21 ವಿಮಾನದ ಪ್ಲಾಸ್ಟಿಕ್ ಮಾದರಿ ಕಿಟ್‌ಗೆ ಇಷ್ಟು ದಿನ ಏರ್‌ಬ್ರಷ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪುಟ್ಟ ಉಪಕರಣ) ಟಮಿಯಾ ಕಂಪನಿಯ ಬಣ್ಣ ಹೊಡೆಯುತ್ತಿದ್ದೆ. ತೆಳು ಮಾಡಲು ಮೊಬೈಲ್ ರಿಪೇರಿ ಅಂಗಡಿಯಿಂದ ತಂದ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕಾಗುತ್ತಿತ್ತು. ಈಗ ವಲ್ಲೆಹೊ ಕಂಪನಿಯ ಮಾಡೆಲ್ ಕಲರ್ ಬಣ್ಣ ಕೊಂಡಿದ್ದೇನೆ. ಅದೇ ಐಸೊಪ್ರೊಪೈಲ್ ಹಾಕಿದರೆ ಬಣ್ಣ ಹಾಲು ಒಡೆದ ಹಾಗಾಯಿತು. ಬೋರ್‌ವೆಲ್ ನೀರು ಹಾಕಿದರೆ ಮೊದಲು ಚೆನ್ನಾಗಿ ಬರುತ್ತದೆ, ಎರಡು ನಿಮಿಷಕ್ಕೆ ನಾಝಲ್ (ಬಣ್ಣ ಹೊರಬರುವ ಸಣ್ಣ ತೂತಿನ ತುದಿ) ಕಟ್ಟಿಕೊಳ್ಳುತ್ತದೆ. ಎರಡೂ ಅಕ್ರಿಲಿಕ್ ತಾನೇ? (ಶಿರಾದ ಓದುಗರು)

ಉತ್ತರ: ಬಾಟಲಿಯ ಮೇಲೆ ಎರಡಕ್ಕೂ ಅಕ್ರಿಲಿಕ್ ಎಂದೇ ಬರೆದಿರುತ್ತದೆ, ಒಳಗಿನ ಸರಕು ಬೇರೆ. ಟಮಿಯಾದ ರಾಳ (ಬಣ್ಣವನ್ನು ಅಂಟಿಸುವ ಪದಾರ್ಥ) ಆಲ್ಕೊಹಾಲಿಗೆ ಒಗ್ಗುತ್ತದೆ. ವಲ್ಲೆಹೊ ಹಾಗಲ್ಲ. ಅದರಲ್ಲಿ ರಾಳದ ಸೂಕ್ಷ್ಮ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿರುತ್ತವೆ. ಒಂದಕ್ಕೊಂದು ಅಂಟದಂತೆ ಸಾಬೂನಿನ ಜಾತಿಯ ಪದಾರ್ಥವೊಂದು ಅವನ್ನು ದೂರ ಇಟ್ಟಿರುತ್ತದೆ. ಆಲ್ಕೊಹಾಲ್ ಬಿದ್ದೊಡನೆ ಆ ಕಾವಲು ತಪ್ಪುತ್ತದೆ, ಕಣಗಳು ಉಬ್ಬಿ ಒಂದಕ್ಕೊಂದು ಅಂಟಿ ಎಳೆ ಎಳೆಯಾಗುತ್ತವೆ. ನಿಂಬೆರಸ ಬಿದ್ದ ಹಾಲನ್ನು ಎಷ್ಟು ಕಲಕಿದರೂ ಮತ್ತೆ ಹಾಲಾಗದು, ಇದೂ ಅಷ್ಟೇ. ಒಡೆದ ಬಣ್ಣವನ್ನು ಸರಿಪಡಿಸಲು ಹೋಗಬೇಡಿ, ಚೆಲ್ಲಿಬಿಡಿ.

ನಾಝಲ್ ಕಟ್ಟಲು ಎರಡು ಕಾರಣ ಇರಬಹುದು, ಯಾವುದೆಂದು ಮನೆಯಲ್ಲೇ ಕಂಡುಕೊಳ್ಳಬಹುದು. ಎರಡು ಗಾಜಿನ ಲೋಟದಲ್ಲಿ ಐದೈದು ಹನಿ ಬಣ್ಣ ಹಾಕಿ. ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಡಿಸ್ಟಿಲ್ಡ್ ವಾಟರ್ ಐದೈದು ಹನಿ ಬೆರೆಸಿ ಹತ್ತು ನಿಮಿಷ ಬಿಡಿ. ಆಮೇಲೆ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ. ಇಳಿಯುವ ಪದರದಲ್ಲಿ ರವೆಯಂಥ ಕಾಳು ಬೋರ್‌ವೆಲ್ ಲೋಟದಲ್ಲಷ್ಟೇ ಕಂಡರೆ ತಪ್ಪು ನೀರಿನದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಳದ ಕೊಳವೆಬಾವಿಗಳಿಂದ ಬರುವ ಗಡುಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಇವು ಕಣಗಳನ್ನು ಗುಂಪುಗೂಡಿಸಬಲ್ಲವು. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದೂ ಇವುಗಳಿಂದಲೇ. ಎರಡು ಲೋಟದಲ್ಲೂ ಬಣ್ಣ ನುಣ್ಣಗಿದ್ದರೆ, ನಾಝಲ್ ತುದಿಯಲ್ಲೇ ಬಣ್ಣ ಒಣಗುತ್ತಿದೆ ಎಂದರ್ಥ.

ನೀರಿಗೆ ಪರಿಹಾರ ಸುಲಭ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಅಲ್ಲೇ ಪಕ್ಕದಲ್ಲಿ ಬ್ಯಾಟರಿ ಆಸಿಡ್ ಕ್ಯಾನೂ ಇರುತ್ತದೆ, ಲೇಬಲ್ ಓದಿಯೇ ತನ್ನಿ. ಆರ್‌ಒ ನೀರು ತೊಳೆಯಲು ಆಗಬಹುದು, ಬೆರೆಸಲು ಬೇಡ.

ಆದರೆ ಬರೀ ನೀರಿನಲ್ಲಿ ತೆಳು ಮಾಡುವುದು ನಮ್ಮ ಒಣ ಹವೆಗೆ ಒಗ್ಗುವುದಿಲ್ಲ. ಮಾರ್ಚ್, ಏಪ್ರಿಲ್ ಮಧ್ಯಾಹ್ನದ ಗಾಳಿಯಲ್ಲಿ ತೇವ ತೀರಾ ಕಡಿಮೆ, ಬಣ್ಣ ನಾಝಲ್ ಒಳಗಿನ ಸೂಜಿಯ ಮೇಲೆಯೇ ಚರ್ಮ ಕಟ್ಟುತ್ತದೆ. 0.3 ಮಿ.ಮೀ. ನಾಝಲ್‌ಗೆ ಮಾಡೆಲ್ ಕಲರ್ 10 ಹನಿ, ಅದೇ ಕಂಪನಿಯ ಏರ್‌ಬ್ರಷ್ ಥಿನ್ನರ್ 8ರಿಂದ 10 ಹನಿ, ಫ್ಲೋ ಇಂಪ್ರೂವರ್ (ಬಣ್ಣ ಬೇಗ ಒಣಗದೆ ಸರಾಗವಾಗಿ ಹರಿಯುವಂತೆ ಮಾಡುವ ದ್ರವ) 2 ಹನಿಯಿಂದ ಶುರು ಮಾಡಿ. ಬಿಳಿ, ಹಳದಿಗೆ ಇನ್ನೆರಡು ಹನಿ ಥಿನ್ನರ್ ಬೇಕಾಗಬಹುದು. ಬಟ್ಟಲಲ್ಲಿ ಬೆರೆಸುವುದಕ್ಕಿಂತ ಹೊರಗೆ ಬೆರೆಸಿ, ಹಳೆಯ ನೈಲಾನ್ ಕಾಲುಚೀಲದ ತುಂಡಿನಲ್ಲಿ ಸೋಸಿ ಸುರಿಯಿರಿ. ಅದಕ್ಕೂ ಮೊದಲು ಬಟ್ಟಲಿಗೆ ಎರಡು ಹನಿ ಥಿನ್ನರ್ ಬಿಟ್ಟಿರಬೇಕು. ಇಲ್ಲದಿದ್ದರೆ ಮೊದಲು ಬಿದ್ದ ಬಣ್ಣ ಒಣ ನಾಝಲ್ ಒಳಗೆ ಹೋಗಿ ಕೂತುಬಿಡುತ್ತದೆ.

ಹನಿ ಲೆಕ್ಕಕ್ಕಿಂತ ಕಣ್ಣಳತೆ ಮುಖ್ಯ. ಬಾಟಲಿಯಿಂದ ಬರುವಾಗ ಬಣ್ಣ ದೋಸೆ ಹಿಟ್ಟಿನ ಹದದಲ್ಲಿರುತ್ತದೆ. ನಮಗೆ ಬೇಕಾದದ್ದು ಹಾಲಿನ ಹದ. ಕುಂಚದಲ್ಲಿ ಬಣ್ಣವನ್ನು ಲೋಟದ ಗೋಡೆಗೆ ಎಳೆದು ಬಿಟ್ಟರೆ ಅದು ಮೆಲ್ಲಗೆ ಇಳಿಯಬೇಕು, ಹಿಂದೆ ತೆಳು ಪದರ ಉಳಿಯಬೇಕು. ನಿಂತರೆ ಗಟ್ಟಿ, ಪದರವೇ ಉಳಿಯದೆ ಓಡಿದರೆ ನೀರು. ಒತ್ತಡ 15ರಿಂದ 18 ಪಿಎಸ್ಐ, ದೂರ 5ರಿಂದ 8 ಸೆಂ.ಮೀ. ಐದು ನಿಮಿಷಕ್ಕೊಮ್ಮೆ, ಥಿನ್ನರ್ ಅದ್ದಿದ ಕಿವಿ ಬಡ್ಸ್‌ನಿಂದ ಸೂಜಿಯ ತುದಿ ಒರೆಸಿ. ಸಾಧ್ಯವಾದರೆ ಬಿಸಿಲೇರುವ ಮೊದಲು, ಬೆಳಿಗ್ಗೆ ಕೂರಿ. ಫ್ಯಾನ್ ಕೆಳಗಂತೂ ಬೇಡ.

ಬಣ್ಣ ಬದಲಿಸುವಾಗಲೂ ಇದೇ ತಪ್ಪು ಆಗುತ್ತದೆ. ವಲ್ಲೆಹೊ ಹೊಡೆದ ಏರ್‌ಬ್ರಷ್‌ಗೆ ನೇರವಾಗಿ ಐಸೊಪ್ರೊಪೈಲ್ ಸುರಿದರೆ ಉಳಿದ ಬಣ್ಣ ಒಳಗೇ ಗೋಂದಾಗುತ್ತದೆ. ಮೊದಲು ನೀರಿನಲ್ಲಿ ಪೂರ್ತಿ ತೊಳೆದು ಆಮೇಲೆ ಕ್ಲೀನರ್ ಬಳಸಿ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಬೀಡಿಂಗ್, ಪಾಲಿಶ್ ಕೆಲಸದ್ದು. ಅದು ಕಿಟ್‌ನ ಪ್ಲಾಸ್ಟಿಕನ್ನೂ ಏರ್‌ಬ್ರಷ್ಷಿನ ರಬ್ಬರ್ ಓ-ರಿಂಗನ್ನೂ ತಿನ್ನುತ್ತದೆ. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಟಮಿಯಾಗೂ ಹಾಕಬೇಡಿ. ಟಮಿಯಾಗೆ ಐಸೊಪ್ರೊಪೈಲ್ ನಡೆಯುತ್ತದೆ ನಿಜ, ಬೇಸಿಗೆಯಲ್ಲಿ ಅದು ಬೇಗ ಹಾರಿ ಮೇಲ್ಮೈ ಪುಡಿಪುಡಿಯಾಗುತ್ತದೆ. ಟಮಿಯಾದ್ದೇ ಎಕ್ಸ್-20ಎ ಥಿನ್ನರ್ ನಿಧಾನವಾಗಿ ಆರುತ್ತದೆ: ಒಂದು ಪಾಲು ಬಣ್ಣಕ್ಕೆ ಒಂದರಿಂದ ಎರಡು ಪಾಲು.

ಪ್ರಶ್ನೆ: ಬೆರೆಸಿ ಉಳಿದ ಬಣ್ಣವನ್ನು ಎಷ್ಟು ದಿನ ಇಡಬಹುದು? ನನ್ನ ಕೆಲಸದ ಕೋಣೆಗೆ ಶೀಟ್ ಮೇಲ್ಛಾವಣಿ. ಅಲುಗಿಸಿದಾಗ ಬಣ್ಣ ಕಲಕಲೆಂದು ಬಾಟಲಿಯೊಳಗೆ ಸೈಕಲ್ ಬೇರಿಂಗ್ ಗುಂಡು ಹಾಕಿದ್ದೆ, ಬಿಳಿ ಬಣ್ಣ ಕಂದಾಗಿದೆ. (ಬಂಗಾರಪೇಟೆಯ ಓದುಗರು)

ಉತ್ತರ: ಕಂದು ಬಂದದ್ದು ತುಕ್ಕಿನಿಂದ. ಸೈಕಲ್ ಗುಂಡು ಸ್ಟೇನ್‌ಲೆಸ್ ಅಲ್ಲ, ನೀರಿನ ಬಣ್ಣದಲ್ಲಿ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಗುಂಡು, ಸಿಗದಿದ್ದರೆ ಬಣ್ಣ ಬಿಡದ ಗಾಜಿನ ಮಣಿ ಎರಡು ಹಾಕಿ. ಆ ಬಿಳಿಯನ್ನು ಒಳಭಾಗಕ್ಕೆ, ಕೆಸರಿನ ಛಾಯೆಗೆ ಬಳಸಿ ಮುಗಿಸಿ.

ತೆಳು ಮಾಡಿದ ಬಣ್ಣವನ್ನು ಮೂಲ ಬಾಟಲಿಗೆ ಎಂದೂ ಮರಳಿ ಸುರಿಯಬೇಡಿ. ನೀರಿನಲ್ಲಿ ತೆಳು ಮಾಡಿದ ವಲ್ಲೆಹೊವನ್ನು ಒಂದೆರಡು ವಾರದೊಳಗೆ ಮುಗಿಸಿ. ನೀರು ಸೇರಿದಷ್ಟೂ ಅದರಲ್ಲಿದ್ದ ಕೊಳೆತಡೆ ಪದಾರ್ಥ ತೆಳುವಾಗುತ್ತದೆ. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದ ಕೆಲಸ, ಚೆಲ್ಲಿ. ಎಕ್ಸ್-20ಎ ಬೆರೆಸಿದ ಟಮಿಯಾ, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಬಾಟಲಿ ಚಿಕ್ಕದಿರಲಿ, ಕುತ್ತಿಗೆಯವರೆಗೆ ತುಂಬಿರಲಿ: ಒಳಗೆ ಗಾಳಿ ಹೆಚ್ಚಿದ್ದಷ್ಟೂ ಬಣ್ಣ ಬೇಗ ಚರ್ಮ ಕಟ್ಟುತ್ತದೆ.

ಮುಚ್ಚಳದ ತಿರುಪಿನ ಎಳೆಗಳಲ್ಲಿ ಒಣಗಿದ ಬಣ್ಣ ಕೂತರೆ ಮುಚ್ಚಳ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ತೆಗೆದಾಗ ಪುಡಿ ಒಳಗೆ ಬಿದ್ದು ಮುಂದೆ ನಾಝಲ್‌ಗೇ ಬರುತ್ತದೆ. ಪ್ರತಿ ಸಲ ಆ ಎಳೆಗಳನ್ನು ಒರೆಸಿ, ಬಾಯಿಗೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ತುಂಡಿಟ್ಟು ಮುಚ್ಚಿ. ಗಟ್ಟಿಯಾದ ಟಮಿಯಾಗೆ ಎಕ್ಸ್-20ಎ, ವಲ್ಲೆಹೊಗೆ ಡಿಸ್ಟಿಲ್ಡ್ ವಾಟರ್ ಒಂದೊಂದೇ ಹನಿ ಬಿಟ್ಟು ಕಡ್ಡಿಯಲ್ಲಿ ಕಲಕಿ. ವಲ್ಲೆಹೊ ರಬ್ಬರಿನಂತಾಗಿದ್ದರೆ ಅದು ಮತ್ತೆ ಕರಗದು.

ಶೀಟ್ ಕೋಣೆಯಲ್ಲಿ ಬೇಸಿಗೆಗೆ ಬಣ್ಣ ಬೇಡವೇ ಬೇಡ. ಕಪಾಟು ಮನೆಯೊಳಗೆ, ಹೊರಗೋಡೆಗೆ ತಾಗದ ಜಾಗದಲ್ಲಿರಲಿ, ಬಿಸಿಲು ತಾಕದಿರಲಿ. ಫ್ರಿಜ್ ಬೇಕಿಲ್ಲ, ಊಟದ ಪಕ್ಕ ಥಿನ್ನರ್ ಇಡುವುದು ಸರಿಯೂ ಅಲ್ಲ. ಬಾಟಲಿಗೆ ಮಾಸ್ಕಿಂಗ್ ಟೇಪ್ ಸುತ್ತಿ ಬಣ್ಣದ ಸಂಖ್ಯೆ, ಥಿನ್ನರ್ ಹೆಸರು, ಪ್ರಮಾಣ, ತಾರೀಖು ಬರೆಯಿರಿ. ತೊಳೆದ ನೀರನ್ನು ಕೊಳವೆಬಾವಿ ಪಕ್ಕದ ಇಂಗುಗುಂಡಿಗೆ ಸುರಿಯಬೇಡಿ. ಹಳೆಯ ಪೇಪರಿಗೆ ಹೀರಿಸಿ, ಬಿಸಿಲಿಗೆ ಒಣಗಿಸಿ, ಮನೆಯ ಅಪಾಯಕಾರಿ ಕಸಕ್ಕೆ ಹಾಕಿ.