ಕುತ್ತಿಗೆಯ ನಳಿಕೆ ಹೇಳುವ ಸಂಖ್ಯೆಯನ್ನು ಓದುವುದು ಹೇಗೆ?

ಪ್ರಶ್ನೆ: ನಾನು ಸಕಲೇಶಪುರದ ಕಡೆಯವಳು. ಕಳೆದ ಮಳೆಗಾಲದಲ್ಲಿ 68 ವರ್ಷದ ನನ್ನ ತಂದೆಯವರಿಗೆ ಮೂತ್ರದ ಸೋಂಕು ರಕ್ತಕ್ಕೆ ಹರಡಿ ರಕ್ತದೊತ್ತಡ ಬಿದ್ದುಹೋದಾಗ ಹಾಸನದ ಆಸ್ಪತ್ರೆಯೊಂದರ ಐಸಿಯುಗೆ ಸೇರಿಸಿದ್ದೆವು. ಕುತ್ತಿಗೆಗೆ ನಳಿಕೆ ಹಾಕಿ ‘ಸಿವಿಪಿ’ ನೋಡುತ್ತಿದ್ದರು. ಬೆಳಿಗ್ಗೆ 6 ಇದ್ದದ್ದು ರಾತ್ರಿ 13 ಆಗಿದೆಯೆಂದು ಡ್ರಿಪ್ ನಿಲ್ಲಿಸಿದರು. ಮರುದಿನ ಬಂದ ವೈದ್ಯರು ಮಂಚವನ್ನೂ ಯಂತ್ರವನ್ನೂ ಸರಿಪಡಿಸಿ ಮತ್ತೆ ನೋಡಿದಾಗ 7 ಬಂದು, ಡ್ರಿಪ್ ಮತ್ತೆ ಶುರುವಾಯಿತು. ಅಪ್ಪ ಈಗ ಚೇತರಿಸಿಕೊಂಡು ತೋಟಕ್ಕೆ ಹೋಗಿಬರುತ್ತಿದ್ದಾರೆ. ಆದರೂ ಕೇಳಬೇಕೆನಿಸುತ್ತದೆ: ಒಂದೇ ದಿನದಲ್ಲಿ ಸಂಖ್ಯೆ ಹೀಗೆ ಏರಿಳಿಯುವುದೇಕೆ, ಅದರಲ್ಲಿ ಯಾವುದು ನಿಜ?

ಉತ್ತರ: ತಂದೆಯವರು ಗುಣವಾಗಿ ಮನೆಗೆ ಬಂದದ್ದು ಸಂತೋಷದ ಸಂಗತಿ. ನೀವು ಬರೆದಿರುವುದನ್ನಷ್ಟೇ ನೋಡಿದರೆ, ರಾತ್ರಿಯ 13 ಅವರ ದೇಹದ ಬದಲಾವಣೆಯಿಂದಲ್ಲ, ಅಳತೆಯ ಮಟ್ಟ ತಪ್ಪಿದ್ದರಿಂದ ಬಂದಿರುವ ಸಾಧ್ಯತೆ ಹೆಚ್ಚು.

ಸಿವಿಪಿ ಎಂದರೆ ಕೇಂದ್ರ ಅಭಿಧಮನಿಯ ಒತ್ತಡ. ಇಡೀ ದೇಹದ ಮಲಿನ ರಕ್ತ ಹೃದಯದ ಬಲ ಮೇಲ್ಕೋಣೆಗೆ ಬಂದು ಸೇರುವ ಜಾಗದಲ್ಲಿ ಎಷ್ಟು ಒತ್ತಡವಿದೆ ಎಂಬುದನ್ನು ಅದು ತಿಳಿಸುತ್ತದೆ. ಕುತ್ತಿಗೆಯ ಅಥವಾ ಕಾಲರ್ ಮೂಳೆಯ ಕೆಳಗಿನ ದೊಡ್ಡ ಅಭಿಧಮನಿಯ ಮೂಲಕ ತೆಳುವಾದ ನಳಿಕೆಯನ್ನು ಅಲ್ಲಿಯವರೆಗೆ ಇಳಿಸಿ, ಅದರ ಹೊರತುದಿಯನ್ನು ಟ್ರಾನ್ಸ್‌ಡ್ಯೂಸರ್ ಎಂಬ ಒತ್ತಡ ಅಳೆಯುವ ಸಾಧನಕ್ಕೆ ಜೋಡಿಸುತ್ತಾರೆ. ಆರೋಗ್ಯವಂತರಲ್ಲಿ ಇದು ಪಾದರಸದ ಸುಮಾರು 2ರಿಂದ 8 ಮಿಲಿಮೀಟರ್‌ನಷ್ಟಿರುತ್ತದೆ. ತೋಳಿಗೆ ಪಟ್ಟಿ ಕಟ್ಟಿ ನೋಡುವ 120ರ ಮುಂದೆ ಇದು ಎಷ್ಟು ಚಿಕ್ಕ ಸಂಖ್ಯೆಯೆಂಬುದನ್ನು ಗಮನಿಸಿ. ಅಳೆಯುವ ವಸ್ತುವೇ ಇಷ್ಟು ಚಿಕ್ಕದಾದಾಗ ಸಣ್ಣ ತಪ್ಪೂ ದೊಡ್ಡದಾಗುತ್ತದೆ.

ಮನೆ ಕಟ್ಟುವಾಗ ಗಾರೆಯವರು ಉದ್ದನೆಯ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಎರಡು ಗೋಡೆಗಳ ಮಟ್ಟ ಹಿಡಿಯುವುದನ್ನು ನೀವು ನೋಡಿರುತ್ತೀರಿ. ಸಿವಿಪಿಯ ಅಳತೆಯೂ ಅದೇ ತತ್ವದ ಮೇಲೆ ನಿಂತಿದೆ. ಟ್ರಾನ್ಸ್‌ಡ್ಯೂಸರ್ ಹೃದಯದ ಬಲ ಮೇಲ್ಕೋಣೆಯ ಮಟ್ಟದಲ್ಲಿಯೇ ಇರಬೇಕು. ಹೊರಗಿನಿಂದ ಆ ಮಟ್ಟವನ್ನು ಗುರುತಿಸಲು ನಾಲ್ಕನೆಯ ಪಕ್ಕೆಲುಬಿನ ಸಂದು ಮತ್ತು ಕಂಕುಳಿನ ನಡುಗೆರೆ ಸೇರುವ ಬಿಂದುವನ್ನು ಹಿಡಿಯುತ್ತಾರೆ, ಅಲ್ಲಿ ಪೆನ್ನಿನಿಂದ ಗುರುತು ಹಾಕಿ ರಸಮಟ್ಟವಿಟ್ಟು ನೋಡುತ್ತಾರೆ. ಪಾದರಸದ 1 ಮಿಲಿಮೀಟರ್ ನೀರಿನ 1.36 ಸೆಂಟಿಮೀಟರ್‌ಗೆ ಸಮ. ಯಾರೋ ಮಂಚವನ್ನು 10 ಸೆಂಟಿಮೀಟರ್ ಎತ್ತರಿಸಿ, ಸ್ಟ್ಯಾಂಡಿಗೆ ಕಟ್ಟಿದ ಟ್ರಾನ್ಸ್‌ಡ್ಯೂಸರ್ ಇದ್ದಲ್ಲೇ ಉಳಿದರೆ, ರೋಗಿಯ ದೇಹದಲ್ಲಿ ಏನೂ ಬದಲಾಗದೆ ಪರದೆಯ ಮೇಲಿನ ಸಂಖ್ಯೆ ಸುಮಾರು 7 ಹೆಚ್ಚುತ್ತದೆ. ನಿಮ್ಮ ತಂದೆಯವರ 6 ರಾತ್ರಿ 13 ಆದದ್ದಕ್ಕೂ ಮರುದಿನ ಅದು ಮತ್ತೆ 7 ಆದದ್ದಕ್ಕೂ ಈ ಲೆಕ್ಕ ಸರಿಯಾಗಿ ಹೊಂದುತ್ತದೆ.

ಇದಲ್ಲದೆ ಉಸಿರಾಟದ ಜೊತೆಗೂ ಈ ಒತ್ತಡ ಏರಿಳಿಯುವುದರಿಂದ ಉಸಿರು ಹೊರಹೋಗಿ ಮುಗಿದ ಕ್ಷಣದಲ್ಲಿಯೇ ಅದನ್ನು ಓದಬೇಕು. ವೆಂಟಿಲೇಟರ್ ಇದ್ದವರಲ್ಲಿ ಯಂತ್ರ ಎದೆಯೊಳಗೆ ಉಳಿಸುವ ಒತ್ತಡದ ಒಂದು ಪಾಲು ಈ ಸಂಖ್ಯೆಗೂ ಸೇರಿಕೊಂಡಿರುತ್ತದೆ. ಹಾಗೆಂದು ಅಳತೆಗಾಗಿ ವೆಂಟಿಲೇಟರನ್ನು ಬಿಡಿಸಬಾರದು. ಪ್ರತಿಸಲವೂ ಒಂದೇ ಸ್ಥಿತಿಯಲ್ಲಿ ಅಳೆದರೆ ಸಾಕು.

ಮಟ್ಟ ಸರಿಯಿದ್ದು, 13 ನಿಜವೇ ಆಗಿದ್ದರೂ ಅಷ್ಟರಿಂದಲೇ ಡ್ರಿಪ್ ನಿಲ್ಲಿಸಬಹುದಿತ್ತೆ? ಇದನ್ನು ಹಾಸನ ಜಿಲ್ಲೆಯವರಿಗೆ ಗೊರೂರಿನ ಉದಾಹರಣೆಯಿಂದ ಹೇಳುವುದು ಸುಲಭ. ಹೇಮಾವತಿ ಜಲಾಶಯದ ಪೂರ್ಣ ಮಟ್ಟ 2922 ಅಡಿ. ನೀರು ಆ ಮಟ್ಟಕ್ಕೆ ಬಂದಿದೆಯೆಂದರೆ ಮಲೆನಾಡಿನಲ್ಲಿ ಮಳೆ ಹೆಚ್ಚಾಗಿರಬಹುದು, ಗೇಟುಗಳನ್ನು ಮುಚ್ಚಿದ್ದಿರಲೂಬಹುದು. ಮಟ್ಟವೊಂದನ್ನೇ ನೋಡಿ ನಾಲೆಯ ಕೊನೆಯ ಗದ್ದೆಗೆ ನೀರು ತಲುಪಿದೆಯೋ ಇಲ್ಲವೋ ಎಂದು ಹೇಳಲಾಗದು. ಸಿವಿಪಿ ಕೂಡ ಒಳಹರಿವು ಮತ್ತು ಹೊರಹರಿವು ಎರಡೂ ಸೇರಿ ನಿಲ್ಲಿಸಿದ ಮಟ್ಟ. ಹೃದಯದ ಬಲಭಾಗ ದುರ್ಬಲವಾದರೆ, ಹೃದಯದ ಸುತ್ತಲಿನ ಚೀಲದಲ್ಲಿ ದ್ರವ ತುಂಬಿ ಒತ್ತಿದರೆ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿದರೆ, ಎದೆಯೊಳಗೆ ಗಾಳಿ ತುಂಬಿ ಒತ್ತಿದರೆ, ದೇಹದಲ್ಲಿ ನೀರು ಹೆಚ್ಚಿರದಿದ್ದರೂ ಅದು ಏರುತ್ತದೆ.

ವೈದ್ಯಲೋಕ ಇದನ್ನು ಒಪ್ಪಲು ಬಹಳ ಕಾಲ ಹಿಡಿಯಿತು. 2001ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಿಂದ ಪ್ರಕಟವಾದ ಅಧ್ಯಯನವೊಂದು ತೀವ್ರ ಸೋಂಕಿನ ರೋಗಿಗಳಲ್ಲಿ ಸಿವಿಪಿ 8ರಿಂದ 12 ಆಗುವವರೆಗೆ ದ್ರವ ಕೊಡುವುದನ್ನು ತನ್ನ ಚಿಕಿತ್ಸಾಕ್ರಮದ ಭಾಗವಾಗಿಸಿತು, ಜಗತ್ತಿನ ಐಸಿಯುಗಳು ಅದನ್ನು ಅನುಸರಿಸಿದವು. 2008ರಲ್ಲಿ 24 ಅಧ್ಯಯನಗಳ 803 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ದ್ರವ ಕೊಟ್ಟರೆ ಹೃದಯ ಹೆಚ್ಚು ರಕ್ತ ಹೊರಹಾಕುವುದೇ ಎಂಬುದನ್ನು ಸಿವಿಪಿಯಿಂದ ಊಹಿಸುವುದು ನಾಣ್ಯ ಚಿಮ್ಮಿ ನೋಡುವುದಕ್ಕಿಂತ ಹೆಚ್ಚೇನೂ ಮೇಲಲ್ಲವೆಂದು ಕಂಡುಬಂತು. 2014 ಮತ್ತು 2015ರಲ್ಲಿ ಪ್ರಕಟವಾದ ಮೂರು ದೊಡ್ಡ ಪ್ರಯೋಗಗಳಲ್ಲಿಯೂ ಹಳೆಯ ಕ್ರಮದಿಂದ ಹೆಚ್ಚಿನ ಜೀವಗಳು ಉಳಿದದ್ದು ಕಾಣಲಿಲ್ಲ.

ಹಾಗೆಂದು ಅಳೆಯುವುದೇ ವ್ಯರ್ಥವೆಂದು ನಾನು ಹೇಳಲಾರೆ. ಏರಿದ ಸಿವಿಪಿ ಅಂಗಾಂಗಗಳಿಗೆ ಹಿಂದಿನಿಂದ ಬೀಳುವ ಒತ್ತಡ. ಸರಾಸರಿ ರಕ್ತದೊತ್ತಡ 65 ಇದ್ದು ಸಿವಿಪಿ 5 ಇದ್ದರೆ ಮೂತ್ರಪಿಂಡಕ್ಕೆ ರಕ್ತ ನುಗ್ಗಿಸುವ ಒತ್ತಡ 60 ಸಿಗುತ್ತದೆ. ಸಿವಿಪಿ 15 ಆದರೆ 50 ಮಾತ್ರ ಉಳಿಯುತ್ತದೆ. ಆದ್ದರಿಂದ ಅದು ಏರುತ್ತ ಹೋಗುತ್ತಿರುವಾಗ ದ್ರವ ಸುರಿಯುತ್ತಲೇ ಇರುವುದು ಅಪಾಯ. ನಿಮ್ಮ ತಂದೆಯವರ ಪ್ರಸಂಗದಲ್ಲಿ ನನಗೆ ಕಳವಳ ತರುವುದು 13 ಎಂಬ ಸಂಖ್ಯೆಯಲ್ಲ, ಅದನ್ನು ಇನ್ನೊಮ್ಮೆ ಅಳೆಯದೆ, ಮೂತ್ರದ ಪ್ರಮಾಣ, ಉಸಿರಾಟ, ಕೈಕಾಲಿನ ಬಿಸುಪು ಇವುಗಳ ಜೊತೆಗಿಟ್ಟು ನೋಡದೆ ಡ್ರಿಪ್ ನಿಲ್ಲಿಸಿದ್ದರೆ ಆ ಆತುರ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಪರದೆಯಲ್ಲಿ ಸಿವಿಪಿಯ ಅಲೆಗಳು ಕಾಣುತ್ತವೆ, ಆದರೆ ವಾರ್ಡಿನಲ್ಲಿ ಎಲ್ಲರೂ ಸಂಖ್ಯೆಯನ್ನಷ್ಟೇ ಬರೆದುಕೊಳ್ಳುತ್ತಾರೆ. ಅಲೆಗಳಿಂದ ಏನು ತಿಳಿಯುತ್ತದೆ?

ಉತ್ತರ: ನಿಮ್ಮ ಕಣ್ಣು ಹೋಗಬೇಕಾದ ಕಡೆಗೇ ಹೋಗಿದೆ. ಮೇಲ್ಕೋಣೆ ಸಂಕುಚಿಸಿದಾಗ ‘ಎ’ ಅಲೆ, ಕೆಳಕೋಣೆ ಸಂಕುಚಿಸತೊಡಗಿ ಎರಡರ ನಡುವಿನ ಮುಚ್ಚಿದ ಕವಾಟ ಹಿಂದಕ್ಕೆ ಉಬ್ಬಿದಾಗ ‘ಸಿ’ ಅಲೆ, ಕವಾಟ ಮುಚ್ಚಿರುವಾಗಲೇ ಮೇಲ್ಕೋಣೆ ತುಂಬಿಕೊಂಡಾಗ ‘ವಿ’ ಅಲೆ ಏಳುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ (ಮೇಲ್ಕೋಣೆ ಲಯ ತಪ್ಪಿ ಬರಿದೇ ಅದುರುವ ತೊಂದರೆ) ಇದ್ದವರಲ್ಲಿ ‘ಎ’ ಮಾಯವಾಗುತ್ತದೆ. ಮೇಲಿನ ಮತ್ತು ಕೆಳಗಿನ ಕೋಣೆಗಳ ಮಿಡಿತಕ್ಕೆ ಹೊಂದಾಣಿಕೆ ತಪ್ಪಿದಾಗ, ಮುಚ್ಚಿದ ಕವಾಟದ ವಿರುದ್ಧ ಮೇಲ್ಕೋಣೆ ಸಂಕುಚಿಸಿ ಆಗಾಗ ಭಾರಿ ‘ಎ’ ಅಲೆ ಚಿಮ್ಮುತ್ತದೆ. ಬಲಗಡೆಯ ಕವಾಟ ಸೋರುತ್ತಿದ್ದರೆ ‘ವಿ’ ಎತ್ತರವಾಗುತ್ತದೆ. ಆಗ ಯಂತ್ರ ಕೊಡುವ ಸರಾಸರಿ ಸಂಖ್ಯೆ ನಿಜಕ್ಕಿಂತ ಹೆಚ್ಚು ಕಾಣುತ್ತದೆ. ಅಲೆಗಳು ಮೊಂಡಾಗಿ ಗೆರೆಯಂತೆ ಕಂಡರೆ ರೋಗಿಯ ಬಗ್ಗೆ ಚಿಂತಿಸುವುದಕ್ಕೆ ಮೊದಲು ಕೊಳವೆಯಲ್ಲಿ ಗಾಳಿಗುಳ್ಳೆಯೋ ಹೆಪ್ಪೋ ಸೇರಿದೆಯೇ ಎಂದು ನೋಡಿ. ಸಂಖ್ಯೆ ಬರೆಯುವಾಗ ಅದು ಪಾದರಸದ ಮಿಲಿಮೀಟರೋ ನೀರಿನ ಸೆಂಟಿಮೀಟರೋ ಎಂಬುದನ್ನೂ, ಮಂಚದ ಸ್ಥಿತಿಯನ್ನೂ ಜೊತೆಯಲ್ಲಿಯೇ ದಾಖಲಿಸಿ. ಮುಂದಿನ ಪಾಳಿಯವರು ನಂಬಬೇಕಾದದ್ದು ಆ ದಾಖಲೆಯನ್ನೇ.

ಪ್ರಶ್ನೆ: ನಳಿಕೆ ಹಾಕದೆ ಈ ಒತ್ತಡವನ್ನು ತಿಳಿಯಬಹುದೆ? (ಮೂಡಿಗೆರೆಯ ಓದುಗರು)

ಉತ್ತರ: ಸ್ಥೂಲವಾಗಿ ತಿಳಿಯಬಹುದು. ರೋಗಿಯನ್ನು 45 ಡಿಗ್ರಿ ಒರಗಿಸಿ, ಬಲಗುತ್ತಿಗೆಯಲ್ಲಿ ಅಭಿಧಮನಿಯ ಮಿಡಿತ ಎಲ್ಲಿಯವರೆಗೆ ಕಾಣುತ್ತದೆಂದು ನೋಡಿ, ಎದೆಮೂಳೆಯ ಮೇಲ್ಭಾಗದಲ್ಲಿ ಕೈಗೆ ಸಿಗುವ ಏಣಿನಿಂದ ಅದರ ನೇರ ಎತ್ತರವನ್ನು ವೈದ್ಯರು ಅಳೆಯುತ್ತಾರೆ. ಆ ಏಣು ಬಲ ಮೇಲ್ಕೋಣೆಗಿಂತ ಸುಮಾರು 5 ಸೆಂಟಿಮೀಟರ್ ಮೇಲಿದೆಯೆಂದು ಲೆಕ್ಕ ಹಿಡಿಯುವುದರಿಂದ, 3 ಸೆಂಟಿಮೀಟರ್ ಕಂಡರೆ ಒತ್ತಡ ನೀರಿನ 8 ಸೆಂಟಿಮೀಟರ್ ಎಂದಾಗುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಏರಿದೆಯೆಂದು ಅರ್ಥ. ಮನೆಯ ಹಿರಿಯರಿಗೆ ಪಾದ ಊದಿಕೊಂಡು, ನಡೆದರೆ ಏದುಸಿರು ಬಂದು, ನೆಟ್ಟಗೆ ಕುಳಿತಾಗಲೂ ಕುತ್ತಿಗೆಯ ನರ ಉಬ್ಬಿ ಕಾಣುತ್ತಿದ್ದರೆ, ಅಳೆಯುತ್ತ ಕೂರದೆ ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಿರಿ.